ಬ್ರೇಕ್ ಒತ್ತಿದರೆ ಸ್ಟೀರಿಂಗ್ ಅದುರುತ್ತದೆಯೇ? ಡಿಸ್ಕ್ ಬದಲಿಸುವ ಮೊದಲು ಇಷ್ಟು ನೋಡಿ

ಬೆಂಗಳೂರಿನಿಂದ ಹಾಸನಕ್ಕೆ ಬರುವ ಕಾರಿನ ಬ್ರೇಕಿನಲ್ಲಿ ಏನಾದರೂ ಊನವಿದ್ದರೆ ಅದು ಬಯಲಾಗುವುದು ಶಾಂತಿಗ್ರಾಮದ ಟೋಲ್ ಹತ್ತಿರ. ರಾಷ್ಟ್ರೀಯ ಹೆದ್ದಾರಿ 75, ಹಳಬರ ಬಾಯಲ್ಲಿ ಇನ್ನೂ 48, ಚನ್ನರಾಯಪಟ್ಟಣ ದಾಟಿದ ಮೇಲೆ ಸಲೀಸು. ನಾಲ್ಕು ಪಥದ ರಸ್ತೆಯಲ್ಲಿ ಬ್ರೇಕಿನ ಮೇಲೆ ಕಾಲಿಡುವ ಪ್ರಸಂಗವೇ ಕಡಿಮೆ. ಟೋಲಿನ ಬೋರ್ಡು ಕಂಡಾಗ ಮಾತ್ರ 90ರಲ್ಲಿ ಬರುತ್ತಿದ್ದ ಗಾಡಿಯನ್ನು ಒಮ್ಮೆಗೇ ತಡೆಯಬೇಕಾಗುತ್ತದೆ. ಆಗ ಸ್ಟೀರಿಂಗ್ ಎರಡೂ ಕೈಯಲ್ಲಿ ಗಡಗಡ ಅದುರುತ್ತದೆ, ಪೆಡಲ್ ಪಾದದಡಿ ಮಿಡಿಯುತ್ತದೆ. ವೇಗ 40ಕ್ಕೆ ಇಳಿದ ಕೂಡಲೇ ಏನೂ ಆಗಿಲ್ಲವೆಂಬಂತೆ ಎಲ್ಲ ತಣ್ಣಗಾಗುತ್ತದೆ. ಗೇಟು ತೆರೆದರೆ ಮುಂದೆ ಹಾಸನದವರೆಗೂ ಸುಖಪ್ರಯಾಣ. ಹಾಗಾಗಿಯೇ ಈ ತೊಂದರೆಯನ್ನು ಜನ ತಿಂಗಳುಗಟ್ಟಲೆ ಮುಂದೂಡುತ್ತಾರೆ. ಕೊನೆಗೊಂದು ದಿನ ಗ್ಯಾರೇಜಿಗೆ ಒಯ್ದರೆ ಗಾಡಿ ಜಾಕಿಗೆ ಏರುವ ಮುಂಚೆಯೇ ತೀರ್ಪು ಬಂದುಬಿಡುತ್ತದೆ: "ಡಿಸ್ಕ್ ಬೆಂಡಾಗೈತೆ ಸಾರ್, ಎರಡೂ ಚೇಂಜ್ ಮಾಡ್ಬೇಕು."

ಆ ತೀರ್ಪನ್ನು ಅಲ್ಲೇ ಒಪ್ಪಿಕೊಳ್ಳಬೇಡಿ. ಮೆಕ್ಯಾನಿಕ್ ಮೋಸ ಮಾಡುತ್ತಿದ್ದಾನೆಂದು ನಾನು ಹೇಳುತ್ತಿಲ್ಲ. ಹೊಸ ಡಿಸ್ಕ್ ಹಾಕಿದರೆ ನಡುಕ ನಿಲ್ಲುತ್ತದೆ ಎನ್ನುವುದು ಅವನು ನಿತ್ಯ ಕಂಡದ್ದು, ನಿಜವೂ ಹೌದು. ಆದರೆ ಕಾರಣ ಹುಡುಕದೆ ಹಾಕಿದ ಹೊಸ ಡಿಸ್ಕು ಕೆಲವು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಮತ್ತೆ ನಡುಗಲು ಶುರುಮಾಡುತ್ತದೆ. ಸಾವಿರಾರು ರೂಪಾಯಿ ಹೋದದ್ದಲ್ಲದೆ, "ಈ ಕಂಪನಿ ಗಾಡಿಯೇ ಹೀಗೆ" ಎಂಬ ತಪ್ಪು ನಂಬಿಕೆಯೂ ಉಳಿದುಬಿಡುತ್ತದೆ. ಬಹಳಷ್ಟು ಕಾರುಗಳಲ್ಲಿ ದೋಷದ ಮೂಲ ಇರುವುದು ಡಿಸ್ಕನ್ನು ಕೂರಿಸಿದ ರೀತಿಯಲ್ಲಿ, ಚಕ್ರದ ನಟ್ಟು ಬಿಗಿದ ರೀತಿಯಲ್ಲಿ, ಘಾಟಿಯಲ್ಲಿ ಬ್ರೇಕ್ ಹಿಡಿದ ರೀತಿಯಲ್ಲಿ.

ಮೊದಲು ನಡುಕ ಎಲ್ಲಿಂದ ಬರುತ್ತಿದೆ ಎಂಬುದನ್ನು ನೀವೇ ಗುರುತಿಸಿಕೊಳ್ಳಿ. ಬ್ರೇಕ್ ಮುಟ್ಟದೆ ಇದ್ದರೂ 80–100ರ ವೇಗದಲ್ಲಿ ಸ್ಟೀರಿಂಗ್ ಅಲುಗಿದರೆ ಅದು ಬ್ರೇಕಿನ ಕಾಯಿಲೆಯಲ್ಲ. ವೀಲ್ ಬ್ಯಾಲೆನ್ಸಿಂಗ್ ತಪ್ಪಿರಬಹುದು, ಟೈರ್ ಉಬ್ಬಿರಬಹುದು, ರಿಮ್ಮು ಗುಂಡಿಗೆ ಬಿದ್ದು ಸೊಟ್ಟಗಾಗಿರಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದು ಕಾರಣವೂ ಉಂಟು. ತೋಟದ ದಾರಿಯಲ್ಲಿ ಓಡಾಡಿದ ಗಾಡಿಯ ರಿಮ್ಮಿನ ಒಳಮೈಗೆ ಕೆಸರು ಮೆತ್ತಿಕೊಂಡು ಒಣಗಿ ಗಟ್ಟಿಯಾಗುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಚಕ್ರದ ತೂಕ ಮಾತ್ರ ಒಂದೇ ಕಡೆಗೆ ವಾಲಿರುತ್ತದೆ. ಚಕ್ರ ಬಿಚ್ಚಿ ಒಳಗಡೆ ತೊಳೆದರೆ ಮುಗಿಯಿತು. ಬ್ಯಾಲೆನ್ಸಿಂಗಿಗೆ ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ನೋಡಿ.

ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಅದು ಬ್ರೇಕಿಗೇ ಸೇರಿದ ವಿಷಯ. ಸ್ಟೀರಿಂಗಿನಲ್ಲಿ ಗೊತ್ತಾದರೆ ಮುಂದಿನ ಚಕ್ರಗಳು, ಸೀಟಿನಲ್ಲೋ ಕಾಲಡಿಯ ನೆಲದಲ್ಲೋ ಗೊತ್ತಾದರೆ ಬಹುಮಟ್ಟಿಗೆ ಹಿಂದಿನವು. ಅನುಮಾನವಿದ್ದರೆ, ಎಳೆಯುವ ಹ್ಯಾಂಡ್ ಬ್ರೇಕ್ ಇರುವ ಕಾರಿನಲ್ಲಿ ಒಂದು ಪರೀಕ್ಷೆ ಮಾಡಬಹುದು. ಹಿಂದೆ ಮುಂದೆ ಯಾರೂ ಇಲ್ಲದ, ಒಣಗಿದ, ನೇರ ರಸ್ತೆಯಲ್ಲಿ 30–40ರ ವೇಗಕ್ಕೆ ಬನ್ನಿ. ಲಿವರಿನ ಗುಂಡಿಯನ್ನು ಒತ್ತಿಯೇ ಹಿಡಿದು ಮೆಲ್ಲಗೆ, ಸ್ವಲ್ಪವೇ ಎಳೆಯಿರಿ. ಗಾಡಿ ಹಿಂದಿನಿಂದ ಕುಣಿದಂತೆ ಆದರೆ ಹಿಂದಿನ ಡ್ರಮ್ಮು ಗುಂಡಗಿಲ್ಲ ಎಂದೇ ಅರ್ಥ. ಜೋರಾಗಿ ಎಳೆದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ತಿರುಗಿಬಿಡುತ್ತದೆ, ಎಚ್ಚರ. ಬಟನ್ನಿನ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇರುವ ಕಾರಿನಲ್ಲಿ ಈ ಪ್ರಯೋಗ ಬೇಡವೇ ಬೇಡ.

ಇನ್ನೊಂದು ನಡುಕವಿದೆ, ಅದು ಕಾಯಿಲೆಯೇ ಅಲ್ಲ. ಜಲ್ಲಿಯ ಮೇಲೋ ಒದ್ದೆ ರಸ್ತೆಯಲ್ಲೋ ದಿಢೀರನೆ ಬ್ರೇಕ್ ತುಳಿದಾಗ ಪೆಡಲ್ ಕಟಕಟ ಎಂದು ಕಾಲನ್ನೇ ಹಿಂದಕ್ಕೆ ತಳ್ಳಿದಂತಾಗುತ್ತದೆ, ಬಾನೆಟ್ಟಿನೊಳಗಿಂದ ಗರ್ ಎಂಬ ಸದ್ದು ಬರುತ್ತದೆ. ಇದು ಎಬಿಎಸ್ ಕೆಲಸ ಮಾಡುತ್ತಿರುವ ಗುರುತು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ. ಆ ಗಳಿಗೆಯಲ್ಲಿ ಗಾಬರಿಯಿಂದ ಕಾಲು ತೆಗೆಯಬಾರದು, ಒತ್ತಿಯೇ ಹಿಡಿದಿರಬೇಕು. ಮೊದಲ ಸಲ ಎಬಿಎಸ್ ಕಾರು ಓಡಿಸುವವರಿಗೆ ಮನೆಯವರು ಇದನ್ನು ಹೇಳಿಕೊಡಬೇಕು. ಹೆದರಿ ಕಾಲು ತೆಗೆದವರ ಗಾಡಿ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ.

ಒಂದು ಲಕ್ಷಣ ಕಂಡರೆ ಮಾತ್ರ ಮುಂದಿನ ಸಾಲು ಓದುವುದಕ್ಕೂ ಕಾಯದೆ ಗಾಡಿ ನಿಲ್ಲಿಸಿ. ಪಂಕ್ಚರ್ ಹಾಕಿಸಿಕೊಂಡೋ ಟೈರ್ ಬದಲಿಸಿಕೊಂಡೋ ಹೊರಟ ಮೇಲೆ ನಡುಕ ಶುರುವಾಗಿ, ಕಡಿಮೆ ವೇಗದಲ್ಲೂ ಗೊತ್ತಾಗುತ್ತ, ಹೋಗಹೋಗುತ್ತ ಹೆಚ್ಚಾದರೆ ಚಕ್ರದ ನಟ್ಟು ಸಡಿಲವಾಗಿದೆ. ಪಕ್ಕಕ್ಕೆ ಹಾಕಿ, ಸ್ಪ್ಯಾನರ್ ತೆಗೆದು ನೋಡಿ. ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುವುದು, ಬ್ರೇಕ್ ಹಾಕಿದಾಗ ಗಾಡಿ ಒಂದೇ ಕಡೆ ಎಳೆಯುವುದು, ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಸದ್ದು, ಒಂದು ಚಕ್ರದಿಂದ ಮಾತ್ರ ಸುಟ್ಟ ವಾಸನೆ, ಇವಿದ್ದರೂ ಅಷ್ಟೇ. ಗ್ಯಾರೇಜಿನವರನ್ನು ಗಾಡಿಯಿದ್ದಲ್ಲಿಗೆ ಕರೆಸಿಕೊಳ್ಳಿ.

ಡಿಸ್ಕಿನ ಮೇಲೆ ನಿಜಕ್ಕೂ ಏನಾಗಿರುತ್ತದೆ?

ಬ್ರೇಕ್ ಡಿಸ್ಕ್ ಅಂದರೆ ಬೀಡು ಕಬ್ಬಿಣದ ಒಂದು ತಟ್ಟೆ. ಚಕ್ರದ ಜೊತೆ ತಿರುಗುತ್ತದೆ. ಅದರ ಎರಡು ಮಗ್ಗುಲಲ್ಲಿ ಎರಡು ಪ್ಯಾಡು. ಪೆಡಲ್ ಒತ್ತಿದರೆ ಕ್ಯಾಲಿಪರ್ ಆ ಪ್ಯಾಡುಗಳನ್ನು ತಟ್ಟೆಗೆ ಅದುಮುತ್ತದೆ. ತಟ್ಟೆಯ ದಪ್ಪ ಸುತ್ತಲೂ ಒಂದೇ ಸಮ ಇದ್ದರೆ ಪ್ಯಾಡಿನ ಹಿಡಿತವೂ ಒಂದೇ ಸಮ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಪ್ರತಿ ಸುತ್ತಿಗೂ ಹಿಡಿತ ಒಮ್ಮೆ ಹೆಚ್ಚಿ ಒಮ್ಮೆ ತಗ್ಗುತ್ತದೆ. ಈ ವ್ಯತ್ಯಾಸ ಎಷ್ಟಿದ್ದರೆ ಕೈಗೆ ಗೊತ್ತಾಗುತ್ತದೆ ಎಂದು ಹೇಳಿದರೆ ಹಲವರು ನಂಬುವುದಿಲ್ಲ. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಅದರಲ್ಲಿ ಎರಡು ಭಾಗ, ಅಂದರೆ 0.02 ಮಿ.ಮೀ. ಸಾಕು. ಕಣ್ಣಿಗೆ ಕಾಣದು, ಬೆರಳಿಗೆ ಸಿಗದು. ಆದ್ದರಿಂದ ಡಿಸ್ಕನ್ನು ಬರಿಗಣ್ಣಿನಲ್ಲಿ ನೋಡಿ "ಬೆಂಡಾಗಿದೆ" ಎನ್ನುವುದು ಊಹೆಯೇ ಹೊರತು ಪರೀಕ್ಷೆಯಲ್ಲ.

ಟೋಲಿನ ಹತ್ತಿರ ಅದುರಿ 40ಕ್ಕೆ ಬಂದಾಗ ಯಾಕೆ ಮಾಯವಾಗುತ್ತದೆ ಎನ್ನುವುದಕ್ಕೂ ಇಲ್ಲೇ ಉತ್ತರವಿದೆ. ಸಣ್ಣ ಕಾರಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರಿಗೆ ತುಸು ಕಡಿಮೆ ದೂರ ಹೋಗುತ್ತದೆ. 90ರಲ್ಲಿ ಅದು ಸೆಕೆಂಡಿಗೆ ಸುಮಾರು 13 ಸುತ್ತು, 40ರಲ್ಲಿ 6 ಸುತ್ತು. ಸ್ಟೀರಿಂಗ್ ಮತ್ತು ಸಸ್ಪೆನ್ಷನ್ನಿಗೆ ತಮ್ಮದೇ ಆದ ಒಂದು ತೂಗಾಟದ ಲಯ ಇರುತ್ತದೆ, ಅದು ಸೆಕೆಂಡಿಗೆ ಹತ್ತು ಹದಿನೈದರ ಆಸುಪಾಸು. ಡಿಸ್ಕಿನ ತಟ್ಟು ಆ ಲಯಕ್ಕೆ ಕೂಡಿಕೊಂಡಾಗ ಸಣ್ಣ ಏರುಪೇರು ದೊಡ್ಡ ನಡುಕವಾಗುತ್ತದೆ, ಲಯ ತಪ್ಪಿದಾಗ ಅಡಗುತ್ತದೆ. ವೇಗ ಇಳಿದಾಗ ನಡುಕ ನಿಂತಿತೆಂದು ದೋಷ ಹೋಯಿತೆಂದಲ್ಲ. ಲೋಯರ್ ಆರ್ಮಿನ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಸವೆದಿದ್ದರೆ ಇದೇ ಸಣ್ಣ ದೋಷ ಇನ್ನೂ ಜೋರಾಗಿ ಕೈಗೆ ಬರುತ್ತದೆ. ಊರೂರಿಗೆ ಹಂಪು ಹತ್ತಿ ಇಳಿಯುವ ನಮ್ಮ ಒಳರಸ್ತೆಗಳಲ್ಲಿ, ಹೊಳೆನರಸೀಪುರ, ಅರಕಲಗೂಡು ಕಡೆ ದಿನಾ ಓಡಾಡುವ ಗಾಡಿಗಳಲ್ಲಿ ಬುಷ್ ಬೇಗ ಸವೆಯುತ್ತದೆ. ಚಕ್ರ ನೆಲ ಬಿಡುವಂತೆ ಜಾಕಿ ಕೊಟ್ಟು, ಗಡಿಯಾರದ 9–3ರ ಜಾಗದಲ್ಲಿ, ಆಮೇಲೆ 12–6ರ ಜಾಗದಲ್ಲಿ ಎರಡು ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಬೇಕು. ಕಟಕ್ ಎಂದು ಸಿಕ್ಕರೆ ಮೊದಲು ಅದನ್ನು ಸರಿಮಾಡಿಸಿ.

ಇನ್ನು "ಬೆಂಡು" ವಿಷಯಕ್ಕೆ ಬರೋಣ. ಫೋರ್ಡ್ ಜಿಟಿ40 ರೇಸ್ ಕಾರುಗಳ ತಂಡದಲ್ಲಿ ದುಡಿದ ಅಮೆರಿಕದ ಎಂಜಿನಿಯರ್ ಕ್ಯಾರಲ್ ಸ್ಮಿತ್, ಡಿಸ್ಕ್ ಬಾಗುತ್ತದೆ ಎನ್ನುವ ನಂಬಿಕೆಯ ವಿರುದ್ಧವೇ ಒಂದು ಪ್ರಸಿದ್ಧ ಲೇಖನ ಬರೆದಿದ್ದಾರೆ. ಬಾಗಿದೆ ಎಂದು ತಮ್ಮ ಬಳಿ ಬಂದ ಡಿಸ್ಕುಗಳಲ್ಲಿ ನಿಜವಾಗಿ ಇದ್ದದ್ದು ಪ್ಯಾಡಿನ ಪದಾರ್ಥ ಅಲ್ಲಲ್ಲಿ ಏರುಪೇರಾಗಿ ಮೆತ್ತಿಕೊಂಡದ್ದು ಎಂಬುದು ಅವರ ವಾದ. ಪ್ಯಾಡು ಅತಿಯಾಗಿ ಕಾದಾಗ ಅದರ ತೆಳುವಾದ ಪದರ ಡಿಸ್ಕಿನ ಮೇಲೆ ಕೂರುತ್ತದೆ. ಒಂದೇ ಸಮ ಕೂತರೆ ಒಳ್ಳೆಯದೇ, ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ತೇಪೆ ತೇಪೆಯಾಗಿ ಕೂತರೆ ಆ ಜಾಗ ಹೆಚ್ಚು ಹಿಡಿಯುತ್ತದೆ, ಹೆಚ್ಚು ಕಾಯುತ್ತದೆ, ಇನ್ನಷ್ಟು ಮೆತ್ತಿಸಿಕೊಳ್ಳುತ್ತದೆ. ಶಾಖ 650 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಮುಟ್ಟಿದರೆ ಅಲ್ಲಿನ ಬೀಡು ಕಬ್ಬಿಣವೇ ಸಿಮೆಂಟೈಟ್ ಎಂಬ ಗಡಸು ರೂಪಕ್ಕೆ ತಿರುಗುತ್ತದೆ. ಆ ಮಚ್ಚೆ ಸುತ್ತಲಿನ ಕಬ್ಬಿಣದಂತೆ ಸವೆಯುವುದಿಲ್ಲ, ದಿನದಿಂದ ದಿನಕ್ಕೆ ದಿಣ್ಣೆಯಾಗಿ ಎದ್ದು ನಿಲ್ಲುತ್ತದೆ.

ರೇಸ್ ಕಾರುಗಳ ಮಟ್ಟಿಗೆ ಸ್ಮಿತ್ ಹೇಳಿದ್ದು ನೂರಕ್ಕೆ ನೂರು ನಿಜವಿರಬಹುದು. ನಮ್ಮ ರಸ್ತೆಯ ಕಾರುಗಳಲ್ಲಿ ಇನ್ನೊಂದು ಕಾರಣ ಅಷ್ಟೇ ದೊಡ್ಡದು, ಅದರ ಬಗ್ಗೆ ಮಾತಾಡುವವರು ಕಡಿಮೆ. ಅದು ಡಿಸ್ಕಿನ ಹಿಂದಿನ ತುಕ್ಕು ಮತ್ತು ಪಂಕ್ಚರ್ ಅಂಗಡಿಯ ಗನ್ನು.

ಡಿಸ್ಕು ಕೂರುವ ಜಾಗದ ಹೆಸರು ಹಬ್. ಹಬ್ಬಿನ ಮುಖದ ಮೇಲೆ ತುಕ್ಕಿನ ಒಂದು ಹೊಪ್ಪಳೆ ಇದ್ದರೆ ಅದರ ಮೇಲೆ ಕೂತ ಹೊಚ್ಚ ಹೊಸ ಡಿಸ್ಕೂ ವಾಲಿಯೇ ಕೂರುತ್ತದೆ. ನಟ್ಟುಗಳನ್ನು ಒಂದೊಂದು ಒಂದೊಂದು ಬಿಗಿಯಲ್ಲಿ ಹಾಕಿದರೂ ಇದೇ ಪರಿಣಾಮ. ವಾಲಿದ ಡಿಸ್ಕು ತಿರುಗುವಾಗ ಅತ್ತಿತ್ತ ಓಲಾಡುತ್ತದೆ. ಈ ಓಲಾಟ 0.05 ಮಿ.ಮೀ. ಒಳಗಿರಬೇಕು ಎನ್ನುವುದು ಸಾಮಾನ್ಯ ಲೆಕ್ಕ, ನಿಖರ ಮಿತಿ ಆಯಾ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಅದನ್ನು ಮೀರಿದರೂ ಮೊದಲ ದಿನ ನಿಮಗೆ ಏನೂ ಗೊತ್ತಾಗುವುದಿಲ್ಲ. ಬ್ರೇಕ್ ಒತ್ತದೆ ಇರುವಾಗಲೂ ಡಿಸ್ಕಿನ ಹೊರಚಾಚಿದ ಭಾಗ ಪ್ರತಿ ಸುತ್ತಿಗೂ ಪ್ಯಾಡಿಗೆ ಒಮ್ಮೆ ಸವರುತ್ತ ಹೋಗುತ್ತದೆ. ಸವರಿ ಸವರಿ ಆ ಜಾಗ ತೆಳುವಾಗುತ್ತದೆ. ಸಾವಿರಾರು ಕಿಲೋಮೀಟರ್ ಕಳೆದ ಮೇಲೆ ದಪ್ಪದ ವ್ಯತ್ಯಾಸ ಹುಟ್ಟಿ ನಡುಕ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಟೈರ್ ಬದಲಿಸಿದ್ದು ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಬ್ರೇಕ್ ನಡುಕದ ಕಾರಣ ಹುಡುಕುವಾಗ ಕಳೆದ ಆರು ತಿಂಗಳಲ್ಲಿ ಚಕ್ರ ಬಿಚ್ಚಿದ್ದು ಯಾವಾಗ, ಯಾರು ಬಿಗಿದರು ಎಂಬ ಪ್ರಶ್ನೆ ಮೊದಲು ಬರಬೇಕು.

ಗಾಳಿಯ ಗನ್ನಿನಿಂದ ಟರ್ ಟರ್ ಎಂದು ಒಂದೊಂದೇ ನಟ್ಟನ್ನು ಪೂರ್ತಿ ಬಿಗಿದುಬಿಡುವುದು, ಸ್ಪ್ಯಾನರ್ ಮೇಲೆ ಹತ್ತಿ ನಿಂತು ತುಳಿಯುವುದು, ಇವೆರಡೂ ಹೆದ್ದಾರಿ ಪಕ್ಕದ ಅಂಗಡಿಗಳಲ್ಲಿ ದಿನಾ ನಡೆಯುತ್ತವೆ. ಬಹುಪಾಲು ಸಣ್ಣ ಕಾರುಗಳ ನಟ್ಟಿಗೆ ಬೇಕಾದ ಬಿಗಿ 85ರಿಂದ 120 ನ್ಯೂಟನ್ ಮೀಟರ್ ಒಳಗೆ. ನಿಮ್ಮ ಗಾಡಿಯದು ಎಷ್ಟು ಎಂದು ಅದರ ಕೈಪಿಡಿಯಲ್ಲಿ ಬರೆದಿರುತ್ತದೆ. ಆ ಬಿಗಿಯನ್ನು ಅಳೆದು ಹಾಕುವ ಸಾಧನವೇ ಟಾರ್ಕ್ ರೆಂಚ್. ಅಂಗಡಿಯಲ್ಲಿ ಅದಿಲ್ಲದಿದ್ದರೂ ಕ್ರಮವನ್ನಾದರೂ ಕೇಳಿ ಮಾಡಿಸಿಕೊಳ್ಳಬಹುದು: "ಅಣ್ಣ, ಗನ್ ಬೇಡ, ಕೈಯಲ್ಲೇ ಹಾಕಿ. ಎಲ್ಲಾ ನಟ್ಟೂ ಮೊದಲು ಕೈಬಿಗಿ ಮಾಡಿ, ಆಮೇಲೆ ಎದುರುಬದುರಿಂದು ಸ್ವಲ್ಪ ಸ್ವಲ್ಪ ಟೈಟ್ ಮಾಡಿ." ಹೀಗೆ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಈಚೆಗೆ ಟೈರ್ ಕೆಲಸ ಆದ ಮೇಲೆ ನಡುಕ ಬಂದಿದ್ದರೆ ಮೊದಲು ನಟ್ಟುಗಳನ್ನು ಸಡಿಲಿಸಿ ಇದೇ ಕ್ರಮದಲ್ಲಿ ಮತ್ತೆ ಬಿಗಿದು ನೋಡಿ. ಖರ್ಚಿಲ್ಲ, ಕಾಲು ಗಂಟೆಯ ಕೆಲಸ. ಡಿಸ್ಕು ಇನ್ನೂ ಸವೆದಿಲ್ಲದಿದ್ದರೆ ಅಷ್ಟರಲ್ಲೇ ಸರಿಹೋಗಬಹುದು.

ಚಕ್ರ ಬಿಚ್ಚಿದಾಗ

ಗ್ಯಾರೇಜಿನಲ್ಲಿ ಚಕ್ರ ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡಿ. ಗಾಡಿ ತಣ್ಣಗಾಗಿರಲಿ. ಡಿಸ್ಕಿನ ಹೊಳೆಯುವ ಮೈಯ ಮೇಲೆ ಬೆಳಕು ಓರೆಯಾಗಿ ಬೀಳುವಂತೆ ಮೊಬೈಲ್ ಟಾರ್ಚ್ ಹಿಡಿಯಿರಿ. ಆರೋಗ್ಯವಾಗಿರುವ ಡಿಸ್ಕು ಸುತ್ತಲೂ ಒಂದೇ ಬೂದುಬಣ್ಣ, ಸಣ್ಣ ಗೆರೆಗಳು. ಅತಿಯಾಗಿ ಕಾದದ್ದರಲ್ಲಿ ನೀಲಿ ಛಾಯೆ ಅಥವಾ ಕಪ್ಪು ಮಚ್ಚೆಗಳು ಕಾಣುತ್ತವೆ. ಕೆಲವು ಸಲ ಪ್ಯಾಡಿನ ಆಕಾರವೇ ಅಚ್ಚು ಒತ್ತಿದಂತೆ ಮೂಡಿರುತ್ತದೆ. ಅಂಚಿನ ಕಡೆಗೆ ಉಗುರು ಎಳೆದರೆ ಸಿಗುವ ತುಟಿಯಂಥ ಏಣು ಡಿಸ್ಕು ಎಷ್ಟು ಸವೆದಿದೆ ಎಂಬುದನ್ನು ಹೇಳುತ್ತದೆ. ಡಿಸ್ಕಿನ ಅಂಚಿನಲ್ಲೋ ನಡುವಿನ ಟೊಪ್ಪಿಯ ಮೇಲೋ ಕನಿಷ್ಠ ದಪ್ಪದ ಅಂಕಿಯನ್ನು ಕೆತ್ತಿರುತ್ತಾರೆ. ಸಾಮಾನ್ಯವಾಗಿ ಅದು ಹೊಸ ಡಿಸ್ಕಿಗಿಂತ 2 ಮಿ.ಮೀ. ಆಸುಪಾಸು ಕಡಿಮೆ. ಮೈಕ್ರೋಮೀಟರಿನಿಂದ ಎಂಟು ಕಡೆ ದಪ್ಪ ಅಳೆಸಿ, ಅಂಕಿಗಳನ್ನು ಬರೆಸಿಕೊಳ್ಳಿ. ಎಂಟರಲ್ಲಿ ಒಂದೇ ಒಂದು ಅಳತೆ ಕೆತ್ತಿದ ಅಂಕಿಗಿಂತ ಕೆಳಗಿದ್ದರೂ ಆ ಡಿಸ್ಕಿನ ಆಯುಸ್ಸು ಮುಗಿದಿದೆ, ಬದಲಿಸಲೇಬೇಕು. ಚೌಕಾಸಿಗೆ ಜಾಗವಿಲ್ಲ.

ದಪ್ಪ ಸಾಕಷ್ಟಿದ್ದರೆ ಡಿಸ್ಕು ಕಳಚಿ ಹಬ್ಬಿನ ಮುಖ ನೋಡಿ. ಕೆಂಪು ತುಕ್ಕಿನ ಪುಡಿ, ಗಟ್ಟಿಯಾದ ಹೊಪ್ಪಳೆ ಅಲ್ಲಿ ಇದ್ದೇ ಇರುತ್ತದೆ, ಅದರಲ್ಲೂ ಮಲೆನಾಡಿನ ಮಳೆಗೆ ಒಡ್ಡಿಕೊಂಡ ಗಾಡಿಯಲ್ಲಿ. ತಂತಿ ಬ್ರಷ್ಷಿನಿಂದ ಉಜ್ಜಿ, ಎಮರಿ ಪೇಪರಿನಿಂದ ಲೋಹ ಹೊಳೆಯುವ ತನಕ ತಿಕ್ಕಿ ಒರೆಸಬೇಕು. ಡಿಸ್ಕಿನ ಹಿಂಬದಿಗೂ, ರಿಮ್ಮಿನ ಒಳಮುಖಕ್ಕೂ ಇದೇ ಉಪಚಾರ. ಒಂದು ಮುಖ ಇನ್ನೊಂದಕ್ಕೆ ಕೂರುವ ಕಡೆ ಗ್ರೀಸ್ ಬಳಿಯಬಾರದು. ಆಮೇಲೆ ಡಿಸ್ಕನ್ನು ಹಾಕಿ ನಟ್ಟು ಬಿಗಿದು, ಡಯಲ್ ಗೇಜಿನ ಮೊನೆಯನ್ನು ಡಿಸ್ಕಿನ ಅಂಚಿನ ಹತ್ತಿರ ತಾಗಿಸಿ ಕೈಯಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿದರೆ ಮುಳ್ಳು ಎಷ್ಟು ಗೆರೆ ಅತ್ತಿತ್ತ ಹೋಗುತ್ತದೆ ಎಂಬುದೇ ಓಲಾಟದ ಲೆಕ್ಕ. ಮಿತಿ ಮೀರಿದ್ದರೆ ಡಿಸ್ಕನ್ನು ಒಂದು ತೂತಿನಷ್ಟು ತಿರುಗಿಸಿ ಮತ್ತೆ ಕೂರಿಸಿ ಅಳೆಯಬೇಕು. ಹಬ್ಬಿನ ಸಣ್ಣ ಸೊಟ್ಟ, ಡಿಸ್ಕಿನ ಸಣ್ಣ ಸೊಟ್ಟ ಒಂದನ್ನೊಂದು ಕಳೆದುಕೊಳ್ಳುವ ಜಾಗ ಹೀಗೆ ಸಿಗುತ್ತದೆ. ಯಾವ ತೂತಿಗೂ ಸರಿಬರದಿದ್ದರೆ ಹಬ್ ಅಥವಾ ವೀಲ್ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಡಯಲ್ ಗೇಜ್ ದುಬಾರಿ ಸಾಧನವಲ್ಲ, ಲೇತ್ ಇರುವ ಪ್ರತಿ ವರ್ಕ್‌ಶಾಪಿನಲ್ಲೂ ಇರುತ್ತದೆ. ಗೇಜ್ ಹಿಡಿಯದೆ ಡಿಸ್ಕ್ ಬದಲಿಸುವ ಗ್ಯಾರೇಜಿಗಿಂತ, ಗೇಜ್ ಹಿಡಿದು ಹಳೆಯದನ್ನೇ ಉಳಿಸಿಕೊಡುವ ಗ್ಯಾರೇಜಿಗೆ ನಾಲ್ಕು ಕಾಸು ಹೆಚ್ಚು ಕೊಡುವುದೇ ಸರಿ.

ಕ್ಯಾಲಿಪರಿನ ಪಿನ್ನುಗಳನ್ನೂ ಮರೆಯುವಂತಿಲ್ಲ. ನಮ್ಮ ಕಾರುಗಳಲ್ಲಿ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಹಿಂದೆ ಮುಂದೆ ಜಾರಬೇಕು. ರಬ್ಬರ್ ಟೊಪ್ಪಿ ಹರಿದು ನೀರು, ದೂಳು ನುಗ್ಗಿದರೆ ಪಿನ್ ಕಚ್ಚಿಕೊಳ್ಳುತ್ತದೆ. ಆಗ ಕಾಲು ತೆಗೆದರೂ ಪ್ಯಾಡು ಡಿಸ್ಕನ್ನು ಬಿಡುವುದಿಲ್ಲ. ಒಂದು ಪ್ಯಾಡು ತೀರಾ ತೆಳು, ಅದರ ಜೊತೆಯದು ದಪ್ಪ ಇದ್ದರೆ ಇದೇ ಕಾರಣ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಿ ಪಿನ್ ಸಲೀಸಾಗಿ ಜಾರುವಂತೆ ಮಾಡಬೇಕು. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಪ್ಯಾಡು 3 ಮಿ.ಮೀ.ಗೆ ಇಳಿದಿದ್ದರೆ ಎರಡೂ ಕಡೆಯದನ್ನು ಒಟ್ಟಿಗೆ ಬದಲಿಸಿ.

ಡಿಸ್ಕು ಏರುಪೇರಾಗಿದೆ, ದಪ್ಪ ಇನ್ನೂ ಉಳಿದಿದೆ ಎಂದಾದರೆ ಸ್ಕಿಮ್ಮಿಂಗ್ ಮಾಡಿಸಬಹುದು, ಅಂದರೆ ಲೇತಿನಲ್ಲಿ ಎರಡೂ ಮುಖವನ್ನು ತೆಳ್ಳಗೆ ಹೆರೆಸುವುದು. ಕೆಲಸ ಮುಗಿದ ಮೇಲೆಯೂ ಕನಿಷ್ಠ ದಪ್ಪಕ್ಕಿಂತ ಮೇಲೇ ಇರಬೇಕು. ಎಡ ಬಲ ಎರಡನ್ನೂ ಒಟ್ಟಿಗೆ ಮಾಡಿಸಬೇಕು. ಗಡಸು ಮಚ್ಚೆ ಪೂರ್ತಿ ಹೋಗದಿದ್ದರೆ ಅದೇ ಜಾಗದಲ್ಲಿ ಮತ್ತೆ ದಿಣ್ಣೆ ಏಳುತ್ತದೆ. ಅಂಥ ಡಿಸ್ಕಿಗೆ ಸ್ಕಿಮ್ಮಿಂಗ್ ದುಡ್ಡೂ ದಂಡ. ಹಿಂದಿನ ಡ್ರಮ್ಮಿಗೂ ಇದೇ ದಾರಿ. ಗುಂಡಗಿನ ಅಳತೆ ತಪ್ಪಿದ್ದರೆ ಹೆರೆಸುವುದು, ಡ್ರಮ್ಮಿನ ಮೇಲೆ ಕೆತ್ತಿದ ಗರಿಷ್ಠ ವ್ಯಾಸ ಮೀರಿದ್ದರೆ ಬದಲಿಸುವುದು. ಡ್ರಮ್ಮಿನೊಳಗಿನ ಹಳೆಯ ಲೈನರ್ ದೂಳನ್ನು ಬಾಯಿಂದ ಊದಲು, ಗಾಳಿ ಹೊಡೆದು ಹಾರಿಸಲು ಬಿಡಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಕೆಲಸ ಮಾಡುವ ಹುಡುಗನಿಗೆ ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ.

ಶಿರಾಡಿಯಲ್ಲಿ ಬ್ರೇಕ್ ಸುಡುವವರು

ಹಾಸನ ಜಿಲ್ಲೆಯ ಕಾರುಗಳ ಬ್ರೇಕ್ ಕೆಡುವುದರಲ್ಲಿ ಘಾಟಿಯ ಪಾಲು ದೊಡ್ಡದು. ಧರ್ಮಸ್ಥಳ, ಮಂಗಳೂರಿಗೆ ಶಿರಾಡಿ, ಸುಬ್ರಹ್ಮಣ್ಯಕ್ಕೆ ಬಿಸಿಲೆ. ಸಕಲೇಶಪುರದ ಎತ್ತರದಿಂದ ಗುಂಡ್ಯದ ತಪ್ಪಲಿಗೆ ಇಳಿಯುವ ಗಾಡಿಯ ತೂಕವನ್ನು ಯಾವುದಾದರೂ ಒಂದು ಹಿಡಿದು ನಿಲ್ಲಿಸಲೇಬೇಕು, ಎಂಜಿನ್ ಇಲ್ಲವೇ ಬ್ರೇಕ್. ಜನ ಕೂತ ಕಾರು 1,200 ಕಿಲೋ, ಇಳಿತ 700 ಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಅಷ್ಟೂ ಶಕ್ತಿ ಬ್ರೇಕಿನಲ್ಲೇ ಶಾಖವಾದಾಗ ಬಚ್ಚಲ ಹಂಡೆಯ 25 ಲೀಟರ್ ತಣ್ಣೀರನ್ನು ಕುದಿಸಿಬಿಡುವಷ್ಟಾಗುತ್ತದೆ. ಆ ಶಾಖವನ್ನೆಲ್ಲ ನಾಲ್ಕು ಚಕ್ರದ ಡಿಸ್ಕು, ಡ್ರಮ್ಮುಗಳೇ ತಿನ್ನಬೇಕು, ಅದರಲ್ಲೂ ದೊಡ್ಡ ಪಾಲು ಮುಂದಿನ ಎರಡು ಡಿಸ್ಕಿಗೆ. ನಾಲ್ಕನೇ ಗೇರಿನಲ್ಲೋ ನ್ಯೂಟ್ರಲ್ಲಿನಲ್ಲೋ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡು ಕರಗಿ ತೇಪೆ ಹಾಕುತ್ತದೆ, ಡಿಸ್ಕು ನೀಲಿಯಾಗುತ್ತದೆ.

ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು ಎನ್ನುವುದು ಲಾರಿ ಚಾಲಕರ ಹಳೆಯ ನಿಯಮ. ಕಾರಿಗೂ ಅದೇ ಸರಿ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ವೇಗ ಮಿತಿ ಮೀರಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ. ಮೆಲ್ಲಗೆ ಒತ್ತಿ ಹಿಡಿದೇ ಇರುವುದಕ್ಕಿಂತ ಹೀಗೆ ಮಾಡಿದರೆ ನಡುನಡುವೆ ಡಿಸ್ಕಿಗೆ ಗಾಳಿ ಸಿಗುತ್ತದೆ. ಆಟೋಮ್ಯಾಟಿಕ್ ಗಾಡಿಯವರು ಎಲ್, 2 ಅಥವಾ ಮ್ಯಾನುಯಲ್ ಮೋಡ್ ಬಳಸಿ. ಬ್ರೇಕ್ ಆಯಿಲನ್ನೂ ಈ ಹೊತ್ತಿಗೆ ನೆನೆಯಬೇಕು. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ರ ಆಸುಪಾಸಿಗೆ ಬೀಳುತ್ತದೆ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140. ಘಾಟಿಯಲ್ಲಿ ಆಯಿಲ್ ಕುದ್ದರೆ ಪೈಪಿನೊಳಗೆ ಗುಳ್ಳೆ ಎದ್ದು ಪೆಡಲ್ ಸ್ಪಂಜಿನಂತಾಗುತ್ತದೆ, ಆಮೇಲೆ ಬ್ರೇಕೇ ಇರುವುದಿಲ್ಲ. ನಡುಕಕ್ಕಿಂತ ಇದು ಎಷ್ಟೋ ದೊಡ್ಡ ಅಪಾಯ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿಕೊಳ್ಳಿ.

ಘಾಟಿ ಇಳಿದ ಕೂಡಲೇ ಹೋಟೆಲ್ ಮುಂದೆ ಬ್ರೇಕ್ ಒತ್ತಿ ಹಿಡಿದು ನಿಲ್ಲುವುದೂ ತಪ್ಪು. ಕೆಂಡದಂತಾದ ಡಿಸ್ಕಿಗೆ ಪ್ಯಾಡು ಅಂಟಿಕೊಂಡು ಅಲ್ಲೇ ಅಚ್ಚು ಬೀಳುತ್ತದೆ. ಕೊನೆಯ ಒಂದೆರಡು ಕಿಲೋಮೀಟರ್ ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೊಂದು ಕಲ್ಲು ಕೊಡಿ. ಅಲ್ಲಿಂದ ನೇರ ವಾಟರ್ ಸರ್ವಿಸ್‌ಗೆ ಹೋಗಿ ಬಿಸಿ ಚಕ್ರಕ್ಕೆ ತಣ್ಣೀರಿನ ಪ್ರೆಷರ್ ಹೊಡೆಸುವವರಿದ್ದಾರೆ, ಹಾಗೆ ಮಾಡಿದರೆ ಡಿಸ್ಕಿನಲ್ಲಿ ಬಿರುಕೂ ಬಿಡಬಹುದು. ಅರ್ಧ ಗಂಟೆ ತಡೆಯಿರಿ, ಅಥವಾ ಮೇಲ್ಮೈ ತೊಳೆದು ಚಕ್ರವನ್ನು ಕಡೆಗೆ ಉಳಿಸಲು ಹೇಳಿ.

ಒಕ್ಕಣೆಯ ಕಾಲದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ರಸ್ತೆಯ ಮೇಲೆ ಹರಡಿದ ಹುರುಳಿ, ರಾಗಿ ಹುಲ್ಲಿನ ಮೇಲೆ ಕಾರು ಹಾಯಿಸಿದರೆ ಕಡ್ಡಿಗಳು ಚಕ್ರದ ಒಳಬದಿಗೆ, ಆಕ್ಸಲ್ಲಿಗೆ ಸುತ್ತಿಕೊಳ್ಳುತ್ತವೆ. ಒಣಹುಲ್ಲು, ಪಕ್ಕದಲ್ಲೇ ಕಾದ ಡಿಸ್ಕು. ಹೀಗೆ ಸುತ್ತಿಕೊಂಡ ಹುಲ್ಲಿಗೆ ಬೆಂಕಿ ಹತ್ತಿ ಕಾರು ಸುಟ್ಟುಹೋಗುವ ಅಪಾಯವಿದೆ. ಸಾಧ್ಯವಾದಷ್ಟೂ ಪಕ್ಕದಿಂದ ಹೋಗಿ. ಹಾಯಲೇಬೇಕಾದರೆ, ದಾಟಿದ ಮೇಲೆ ಸ್ವಲ್ಪ ದೂರದಲ್ಲಿ ನಿಲ್ಲಿಸಿ ಬಗ್ಗಿ ನೋಡಿ, ಸಿಕ್ಕಿದ್ದನ್ನು ಎಳೆದು ತೆಗೆಯಿರಿ.

ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಊರಿನ ಮನೆಯಲ್ಲಿ ಕಾರು ಬಿಟ್ಟು ಹೋಗುವವರ ಗಾಡಿಯ ನಡುಕ ಬೇರೆ ಬಗೆಯದು. ಮಳೆಗಾಲದಲ್ಲಿ ಎರಡು ಮೂರು ತಿಂಗಳು ನಿಂತ ಗಾಡಿಯ ಡಿಸ್ಕು ತುಕ್ಕು ಹಿಡಿಯುತ್ತದೆ, ಪ್ಯಾಡು ಮುಚ್ಚಿಕೊಂಡ ಜಾಗವೊಂದು ಬೇರೆಯಾಗಿ ಉಳಿಯುತ್ತದೆ. ಹೊರಟ ಮೊದಲ ಕೆಲವು ಕಿಲೋಮೀಟರ್ ಅದುರುತ್ತದೆ, ಬ್ರೇಕ್ ಹಾಕುತ್ತ ಹೋದಂತೆ ತುಕ್ಕು ತೀಡಿಹೋಗಿ ಸರಿಯಾಗುತ್ತದೆ. ಒಂದು ವಾರ ಓಡಿಸಿದ ಮೇಲೂ ಉಳಿದರೆ ಮಾತ್ರ ಚಿಂತೆ. ಮನೆಯಲ್ಲಿರುವ ಅಪ್ಪನಿಗೋ ತಮ್ಮನಿಗೋ ವಾರಕ್ಕೊಮ್ಮೆ ಊರಾಚೆ ತನಕ ಓಡಿಸಿಕೊಂಡು ಬರಲು ಹೇಳಿಹೋದರೆ ಬ್ಯಾಟರಿಯೂ ಉಳಿಯುತ್ತದೆ.

ಕೊನೆಯದಾಗಿ, ಹೊಸ ಪ್ಯಾಡು ಅಥವಾ ಹೆರೆಸಿದ ಡಿಸ್ಕು ಹಾಕಿಸಿಕೊಂಡ ಮೇಲಿನ ಕೆಲಸ. ಗ್ಯಾರೇಜಿನವರು ಇದನ್ನು ಹೇಳುವುದು ಅಪರೂಪ. ಹೊಸ ಪ್ಯಾಡಿನ ಪದರ ಡಿಸ್ಕಿನ ಮೇಲೆ ಸುತ್ತಲೂ ಸಮನಾಗಿ ಕೂರಬೇಕು. ಬೆಳಗಿನ ಜಾವ ವಾಹನ ಕಡಿಮೆ ಇರುವ ರಸ್ತೆಯಲ್ಲಿ 60ಕ್ಕೆ ಹೋಗಿ, ಹದವಾಗಿ ಬ್ರೇಕ್ ಒತ್ತಿ 15ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಏರಿಸಿ. ನಡುವೆ ಅರ್ಧ ನಿಮಿಷ ಬಿಡುತ್ತ ಎಂಟು ಹತ್ತು ಸಲ ಹೀಗೆ ಮಾಡಿ. ಆಮೇಲೆ ಐದಾರು ಕಿಲೋಮೀಟರ್ ಬ್ರೇಕ್ ಬಳಸದೆ ಓಡಿಸಿ ತಣಿಸಿ. ಮೊದಲ 200–300 ಕಿಲೋಮೀಟರ್ ಅನಿವಾರ್ಯವಲ್ಲದೆ ಗಟ್ಟಿ ಬ್ರೇಕ್ ಬೇಡ. ಬ್ರೇಕ್ ಕೆಲಸ ಮುಗಿದ ಮರುದಿನವೇ ಮನೆಮಂದಿಯನ್ನೆಲ್ಲ ತುಂಬಿಕೊಂಡು ಧರ್ಮಸ್ಥಳಕ್ಕೆ ಹೊರಡುವ ಯೋಜನೆ ಇದ್ದರೆ ಒಂದು ವಾರ ಮುಂದೆ ಹಾಕಿ. ಆ ವಾರದಲ್ಲಿ ಹಾಸನ, ಚನ್ನರಾಯಪಟ್ಟಣ ಎಂದು ನಿಮ್ಮ ಮಾಮೂಲಿ ಓಡಾಟ ನಡೆಯಲಿ, ಹೊರಡುವ ಹಿಂದಿನ ಸಂಜೆ ನಾಲ್ಕೂ ಚಕ್ರದ ನಟ್ಟಿನ ಬಿಗಿಯನ್ನು ಮತ್ತೊಮ್ಮೆ ನೋಡಿಸಿಕೊಳ್ಳಿ.